ನೋವಿನ ಜರಡಿ

ಪಟ್ಟಿ ಕತ್ತಿನ ಹಿಂದೆ ಕೂತು ‘ಟಿಕ್’ ಎಂದ ಕೂಡಲೇ ಸಿಂಚನಾಳ ಕೈಕಾಲು ಅವಳ ಮಾತು ಕೇಳುವುದನ್ನು ಬಿಟ್ಟುಬಿಡುತ್ತಿದ್ದವು. ಮೊದಲ ಸಲ ಹಾಗಾದಾಗ ನೀರಿನಲ್ಲಿ ಮುಳುಗುತ್ತಿರುವವಳಂತೆ ಕೈ ಬಡಿಯಬೇಕೆನಿಸಿತ್ತು. ಬಡಿಯಲು ಕೈ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಬಲಗೈ ತಾನಾಗಿ ಮೇಲೆದ್ದು, ಬೆರಳುಗಳು ಒಂದೊಂದಾಗಿ ಮಡಚಿ ಬಿಚ್ಚಿಕೊಂಡು, ಹಣೆಯ ಮೇಲೆ ಇಲ್ಲದ ಮುಂಗುರುಳನ್ನು ಹಿಂದಕ್ಕೆ ಸರಿಸಿದ್ದವು. ಅದು ನಟಿ ಶರ್ವಾಣಿಯವರ ಅಭ್ಯಾಸ. ಇಷ್ಟು ವರ್ಷ ನಾಡೆಲ್ಲ ತೆರೆಯ ಮೇಲೆ ನೋಡಿ ಮೆಚ್ಚಿದ ಆ ಬೆಡಗು ಈಗ ಸಿಂಚನಾಳ ಕೈಯಲ್ಲಿ ನಡೆಯುತ್ತಿತ್ತು.

ಶರ್ವಾಣಿಯವರಿಗೆ ಅರವತ್ತು ದಾಟಿತ್ತು. ಮೊಣಕಾಲುಗಳು ಕೈಕೊಟ್ಟಿದ್ದವು. ಆದರೂ ಪಾಳೇಗಾರನ ರಾಣಿಯಾಗಿ ಕತ್ತಿ ಬೀಸಲು ಜನ ಅವರನ್ನೇ ಕೇಳುತ್ತಿದ್ದರು. ಮೈಸೂರಿನ ಹೊರಗೆ ನಂಜನಗೂಡು ರಸ್ತೆಯಲ್ಲಿದ್ದ ಅನುರೂಪ ಚಿತ್ರನಗರಿ ಅದಕ್ಕೊಂದು ದಾರಿ ಕಂಡುಕೊಂಡಿತ್ತು. ಶರ್ವಾಣಿಯವರು ಮಹಡಿಯ ಮೇಲಿನ ಗಾಜಿನ ಕೋಣೆಯಲ್ಲಿ, ತಣ್ಣನೆಯ ಗಾಳಿಯಲ್ಲಿ, ಒಂದು ದೊಡ್ಡ ಕುರ್ಚಿಗೆ ಒರಗಿ ಮಲಗುತ್ತಿದ್ದರು. ಅವರು ಕತ್ತಿ ಎತ್ತಬೇಕೆಂದು ಮನಸ್ಸು ಮಾಡಿದರೆ ಕೆಳಗೆ ಬಿಸಿಲಿನಲ್ಲಿ ಸಿಂಚನಾಳ ತೋಳು ಕತ್ತಿ ಎತ್ತುತ್ತಿತ್ತು. 

ಮಿದುಳು ಕೈಕಾಲಿಗೆ ಕಳಿಸುವ ಆಜ್ಞೆಗಳೆಲ್ಲ ಬೆನ್ನುಹುರಿಯ ಮೂಲಕ ಇಳಿಯುತ್ತವೆ. ಪಟ್ಟಿ ಕುತ್ತಿಗೆಯ ಬುಡದಲ್ಲಿ ಆ ದಾರಿಗೆ ಅಡ್ಡ ನಿಂತು, ನಟರ ಬದಲು ಮೈಯೊಡ್ಡುವ ಡೂಪ್‌ನ ಆಜ್ಞೆಗಳನ್ನು ತಡೆದು, ಕುರ್ಚಿಯಲ್ಲಿ ಕೂತವರ ಆಜ್ಞೆಗಳನ್ನು ಕೆಳಗಿಳಿಸುತ್ತಿತ್ತು. ಕಣ್ಣು, ನಾಲಿಗೆ, ಮುಖದ ನರಗಳು ತಲೆಬುರುಡೆಯಿಂದಲೇ ಹೊರಡುವುದರಿಂದ ಅವು ಪಟ್ಟಿಗೆ ಸಿಗುತ್ತಿರಲಿಲ್ಲ. ಉಸಿರಾಟದ ನರವೂ ಪಟ್ಟಿಗಿಂತ ಕೊಂಚ ಮೇಲೆಯೇ ಕವಲೊಡೆಯುತ್ತಿತ್ತು. ಹಾಗಾಗಿ ಮುಖ, ಮಾತು, ಉಸಿರು ಇವಿಷ್ಟು ಡೂಪ್‌ಗೆ ಉಳಿಯುತ್ತಿದ್ದವು. ಆದರೆ ಮುಖ ಯಾರಿಗೆ ಬೇಕಿತ್ತು? ಅದರ ಜಾಗದಲ್ಲಿ ಆಮೇಲೆ ಕಂಪ್ಯೂಟರ್ ಶರ್ವಾಣಿಯವರ ಮುಖ ಕೂರಿಸುತ್ತಿತ್ತು. ಆ ಅನುಕೂಲಕ್ಕೆಂದು ಹಣೆಯಿಂದ ಗಲ್ಲದವರೆಗೆ ಬಿಗಿಯಾದ ಹಸಿರು ಮುಸುಕು. ಅದರ ಹಣೆಯ ಮೇಲಿನ ಪುಟ್ಟ ಕ್ಯಾಮೆರಾಗಳೇ ಶರ್ವಾಣಿಯವರ ಕಣ್ಣು. ಮುಸುಕಿನ ಒಳಗಿಂದ ಆಡಿದ ಮಾತು ಎರಡು ಮಾರು ದೂರಕ್ಕೂ ಕೇಳುತ್ತಿರಲಿಲ್ಲ.

ಸೆಟ್ಟಿನಲ್ಲಿ ಡೂಪ್‌ಗಳನ್ನು ‘ಗಾಡಿ’ ಎನ್ನುತ್ತಿದ್ದರು. “ಗಾಡಿ ರೆಡೀನಾ?” ಎಂದು ಮೇಲಿಂದ ಕೇಳುವರು. “ರೆಡಿ ಸಾರ್” ಎಂದು ಕೆಳಗಿನವರು ಕೂಗುವರು. ಸಿಂಚನಾ ಮೊದಮೊದಲು ಅದಕ್ಕೆ ನಕ್ಕದ್ದೂ ಉಂಟು. ಗಂಡ ಮಾದೇಶನ ಕಾಲು ಮುರಿದ ಮೇಲೆ ನಗಲಿಲ್ಲ.

ಮಾದೇಶನೂ ಡೂಪ್ ಆಗಿದ್ದವನೇ. ನಜರಬಾದಿನ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು, ದಸರಾ ಕುಸ್ತಿಯಲ್ಲಿ ಹೆಸರು ಮಾಡಿದವನು. ಹೆಸರಾಂತ ನಾಯಕನಟನೊಬ್ಬನಿಗೆ ಅವನ ಮೈ ಹೊಂದುತ್ತಿತ್ತು. ಹೋದ ವರ್ಷದ ಚಿತ್ರದಲ್ಲಿ ಗೋಡೆಯಿಂದ ಹಾರಿ ಇಳಿದು ಹೊಡೆದಾಡುವ ದೃಶ್ಯವಿತ್ತು. ಇಳಿದ ಏಟಿಗೆ ಎಡಗಾಲಿನ ಹರಡಿನ ಮೂಳೆ ಮುರಿಯಿತು. ಕುರ್ಚಿಯಲ್ಲಿದ್ದ ನಾಯಕನಿಗೆ ಕಾಲು ಸ್ವಲ್ಪ ಸಡಿಲವಾದಂತೆ ಅನ್ನಿಸಿತೇ ಹೊರತು ಬೇರೇನೂ ತಿಳಿಯಲಿಲ್ಲ. ಅವನು ಅದೇ ಕಾಲಿನ ಮೇಲೆ ಓಡಿದ, ಅದೇ ಕಾಲೂರಿ ತಿರುಗಿದ, ಅದೇ ಕಾಲಿನಲ್ಲಿ ಖಳರನ್ನು ಒದ್ದ. ಮಾದೇಶ ಮುಸುಕಿನೊಳಗೆ ಅರಚಿಕೊಂಡ. ಧೂಳೆಬ್ಬಿಸುವ ಗಾಳಿಯಂತ್ರದ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ.

ಯಾರಿಗೂ ತಿಳಿಯಲಿಲ್ಲ ಎನ್ನುವಂತಿರಲಿಲ್ಲ. ಗಾಜಿನ ಕೋಣೆಯ ಪರದೆಯ ಮೇಲೆ ಡೂಪ್‌ನ ನೋವು ಕೆಂಪು ಗೆರೆಯಾಗಿ ಕಾಣುತ್ತಿತ್ತು. ಯಂತ್ರ ನೋಡಿಕೊಳ್ಳುವ ಹುಡುಗಿ ಅದನ್ನು ಚಿತ್ರನಗರಿಯ ಉಸ್ತುವಾರಿ ಸುಧನ್ವನಿಗೆ ತೋರಿಸಿದಳು. ಸುಧನ್ವ, “ಶಾಟ್ ಚೆನ್ನಾಗಿ ಬರ್ತಿದೆ, ಮುಗೀಲಿ” ಎಂದ. ಮುಗಿದ ಮೇಲೆ, “ಇನ್ನೊಂದು ತಗೊಳ್ಳೋಣ” ಎಂದ. ಆ ಹುಡುಗಿಯೇ ಆಸ್ಪತ್ರೆಗೆ ಬಂದು ಮಾದೇಶನ ಕಾಲ ಬಳಿ ನಿಂತು ಅಳುತ್ತಾ ಇದನ್ನೆಲ್ಲ ಹೇಳಿ ಕೆಲಸ ಬಿಟ್ಟು ಹೋಗಿದ್ದಳು.

ಈಗ ಮಾದೇಶ ಊರುಗೋಲು ಹಿಡಿದು ನಡೆಯುತ್ತಿದ್ದ. ಮನೆ ನಡೆಯಬೇಕಿತ್ತು. ಸಿಂಚನಾ ಪಟ್ಟಿಗೆ ಕತ್ತೊಡ್ಡುತ್ತಲೇ ಇದ್ದಳು.

ರಾಣಿಯ ಚಿತ್ರ ಅರ್ಧ ಮುಗಿದಿದ್ದಾಗ ಕಲ್ಯಾಣಿಯ ಮೆಟ್ಟಿಲ ಮೇಲೆ ಉರುಳಿ ಬೀಳುವ ದೃಶ್ಯ ಬಂತು. ಶರ್ವಾಣಿಯವರಿಗೆ ಬಿದ್ದದ್ದು ಒಪ್ಪಿಗೆಯಾಗಲಿಲ್ಲ. ಕೆಲಸದಲ್ಲಿ ಅವರು ಬಹಳ ಶಿಸ್ತಿನವರು. “ಇನ್ನೊಂದು” ಎಂದರು. ಮತ್ತೆ, “ಇನ್ನೊಂದು” ಎಂದರು. ಸಂಜೆ ಮನೆಗೆ ಬಂದ ಸಿಂಚನಾಳಿಗೆ ಕೂರಲಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಕಾಫಿ ಕುಡಿದಳು.

“ಸೊಂಟ ತೋರ್ಸು” ಎಂದ ಮಾದೇಶ.

ಬದನೆಕಾಯಿ ಬಣ್ಣಕ್ಕೆ ತಿರುಗಿದ್ದ ಸೊಂಟವನ್ನು ನೋಡಿ ಅವನು ನೀರು ಕಾಯಿಸಲು ಇಟ್ಟ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಶಾಖ ಕೊಡತೊಡಗಿದ.

“ಹೇಳ್ಬಾರದಾಗಿತ್ತಾ ಚೆಲುವೆ?”

“ಯಾರಿಗೆ ಹೇಳ್ಲಿ? ಬಾಯಿ ಮೇಲೆ ಮುಸುಕು.”

“ಶಾಟ್ ಮುಗಿದ್ ಮೇಲೆ ಶರ್ವಾಣಮ್ಮಂಗೆ?”

“ಅವರು ಕೆಳಗೆ ಇಳಿಯೋದೇ ಇಲ್ಲ ಕಣ್ರೀ. ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿ ತೋರಿಸ್ತಾರೆ. ಪಾಪ, ಖುಷಿಯಾಗೇ ಇರ್ತಾರೆ. ಅವರಿಗೆ ಏನೂ ಆಗಿರಲ್ವಲ್ಲ.” ಅವಳು ತುಟಿ ಕಚ್ಚಿದಳು. “ಮೆಲ್ಲಗೆ ಒತ್ತಿ.”

“ಬಿಟ್ಟುಬಿಡು ಆ ಕೆಲಸಾನ.”

“ನಾನು ಬಿಟ್ರೆ ನಾಳೆ ರುಬೀನಾ ಕತ್ತಿಗೆ ಹಾಕ್ತಾರೆ. ಅವಳು ಬಿಟ್ರೆ ಇನ್ನೊಬ್ಬಳಿಗೆ. ನೀವು ಬಿದ್ರಿ, ನಿಮ್ಮ ಜಾಗಕ್ಕೆ ಒಂದು ದಿನಾನಾದ್ರೂ ಕಾದ್ರಾ?” ಎಂದಳು ಸಿಂಚನಾ. “ಬಿಡಲ್ಲ ನಾನು. ಅಲ್ಲೇ ಇದ್ದು ಕೇಳ್ತೀನಿ.”

ಮಾರನೆಯ ಬೆಳಿಗ್ಗೆ ಅವಳು ಕೇಳಲು ಹೋದದ್ದು ಡಾಕ್ಟರ್ ಅನಸೂಯಾ ಹೊಳ್ಳ ಅವರ ಬಳಿಗೆ. ಪಟ್ಟಿಯನ್ನು ಕಂಡುಹಿಡಿದವರು ಅವರೇ. ಚಿತ್ರನಗರಿಯ ಹಿಂಭಾಗದಲ್ಲಿ ಅವರದೊಂದು ಪ್ರಯೋಗಶಾಲೆಯಿತ್ತು. ಮೇಜಿನ ತುಂಬ ಬಿಚ್ಚಿಟ್ಟ ಪಟ್ಟಿಗಳು, ಕೂದಲೆಳೆಯಂಥ ತಂತಿಗಳು, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಒಂದು ಬೆನ್ನುಮೂಳೆ. ಅನಸೂಯಾ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, ಅವಳು ನಿಂತ ಭಂಗಿ ನೋಡಿಯೇ, “ಕೂತ್ಕೊಳ್ಳೋಕೆ ಆಗ್ತಿಲ್ವಾ?” ಎಂದು ಕೇಳಿದರು.

“ಇಲ್ಲ ಡಾಕ್ಟ್ರೇ. ಒಂದು ವಿಷಯ ಕೇಳ್ಬೇಕಿತ್ತು. ಗಾಳಿ ಬೀಸಿದ್ದು, ಕಲ್ಲು ಬಿಸಿಯಾಗಿರೋದು, ಕತ್ತಿ ತೂಕ, ಎಲ್ಲಾ ಆ ಕುರ್ಚಿಗೆ ಗೊತ್ತಾಗುತ್ತಂತೆ. ನೋವು ಯಾಕೆ ಗೊತ್ತಾಗಲ್ಲ?”

ಅನಸೂಯಾ ಕನ್ನಡಕ ತೆಗೆದು ಒರೆಸಿದರು. “ಗೊತ್ತಾಗೋ ಹಾಗೇ ಮಾಡಿದ್ದೆ” ಎಂದರು. “ನಾನಿದನ್ನ ಸಿನಿಮಾಕ್ಕೆ ಅಂತ ಮಾಡಿದ್ದಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದು ಕೈಕಾಲು ಆಡದೆ ಮಲಗಿರ್ತಾರಲ್ಲ, ಅಂಥವರಿಗೆ. ವ್ಯಾಯಾಮ ಮಾಡಿಸೋರು ಕುರ್ಚಿಯಲ್ಲಿ ಕೂತು ರೋಗಿಯ ಕಾಲನ್ನ ಒಳಗಿಂದಲೇ ಆಡಿಸಬೇಕು. ಎಲ್ಲಿ ನೋಯುತ್ತೆ ಅಂತ ತಮ್ಮ ಮೈಯಲ್ಲೇ ತಿಳಿದು ಅಲ್ಲಿಗೆ ನಿಲ್ಲಿಸಬೇಕು. ಆಸ್ಪತ್ರೆಗಳ ಹತ್ರ ಅಷ್ಟು ಬಂಡವಾಳ ಇರಲಿಲ್ಲ. ಇವರು ಮುಂದೆ ಬಂದ್ರು. ಬಂದು ಒಂದು ಜರಡಿ ಕೇಳಿದ್ರು. ಕುರ್ಚಿಗೆ ಬಾಕಿದ್ದೆಲ್ಲ ಹೋಗಲಿ, ನೋವು ಮಾತ್ರ ಹೋಗಬಾರದು, ಕಲಾವಿದರು ಹೆದರಿಬಿಡ್ತಾರೆ ಅಂದ್ರು. ಮಾಡಿಕೊಟ್ಟೆ.”

“ಅದನ್ನ ತೆಗೆಯೋಕಾಗುತ್ತಾ?”

“ಒಂದು ಗುಂಡಿ ಒತ್ತಿದ್ರೆ ಆಯ್ತು. ಆದ್ರೆ ಕುರ್ಚಿಯಲ್ಲಿ ಕೂತವರು ತಾವೇ ತೆಗಿ ಅನ್ನಬೇಕು. ಇಲ್ಲಾಂದ್ರೆ ಯಂತ್ರ ಒಪ್ಪಲ್ಲ.”

“ಅವರು ಯಾಕೆ ಅಂತಾರೆ?”

“ಅದೇ ಕಷ್ಟ.” ಅನಸೂಯಾ ಕನ್ನಡಕ ಹಾಕಿಕೊಂಡರು. ಆಮೇಲೆ ಎದ್ದು ಬಂದು ಪ್ಲಾಸ್ಟಿಕ್ ಬೆನ್ನುಮೂಳೆಯ ಕುತ್ತಿಗೆಯ ಮೇಲೆ ಬೆರಳಿಟ್ಟರು. “ಸಿಂಚನಾ, ಇದಿಷ್ಟು ಕೇಳಿಸ್ಕೊಳ್ಳಿ. ರೋಗಿಗೆ ಉಸಿರು ಕಟ್ಟಿದ್ರೆ ತಕ್ಷಣ ಬಿಟ್ಟುಬಿಡಬೇಕು ಅಂತ ಪಟ್ಟಿಯೊಳಗೇ ಒಂದು ಏರ್ಪಾಟು ಇಟ್ಟಿದ್ದೀನಿ. ಅದನ್ನ ತೆಗೆದ್ರೆ ಸರ್ಕಾರ ಪರವಾನಗಿ ಕೊಡಲ್ಲ. ಹಾಗಾಗಿ ಇವರಿಗೂ ತೆಗೆಯೋಕಾಗಿಲ್ಲ. ಉಸಿರು ನಿಂತ್ರೆ ಪಟ್ಟಿ ತಾನಾಗಿ ಬಿಡುತ್ತೆ. ನಿಂತದ್ದೋ ನೀವು ನಿಲ್ಲಿಸಿದ್ದೋ, ಅದಕ್ಕೆ ಗೊತ್ತಾಗಲ್ಲ.”

ಸಿಂಚನಾ ಅವರ ಮುಖವನ್ನೇ ನೋಡಿದಳು. ಅನಸೂಯಾ ಆಗಲೇ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ್ದರು.

ಮನೆಗೆ ಬಂದು ಮಾದೇಶನಿಗೆ ಹೇಳಿದಾಗ ಅವನು ಊರುಗೋಲನ್ನು ನೆಲಕ್ಕೆ ಕುಟ್ಟಿದ. ಅವನ ಕಣ್ಣು ತುಂಬಿತ್ತು. “ನಂಗೆ ಗೊತ್ತಿದ್ರೆ…” ಎಂದವನು ಅಲ್ಲಿಗೇ ನಿಲ್ಲಿಸಿದ. “ಗೊತ್ತಿದ್ರೂ ಆಗ್ತಿರಲಿಲ್ಲ ಬಿಡು. ಮೂಳೆ ಮುರಿದು ಅರಚ್ಕೋತಿರುವಾಗ ಉಸಿರು ಹಿಡಿಯೋಕಾಗುತ್ತಾ ಯಾರಿಗಾದ್ರೂ? ಪೆಟ್ಟು ಬೀಳೋಕೆ ಮುಂಚೇನೇ ಹಿಡೀಬೇಕು.”

“ಪೆಟ್ಟು ಬೀಳೋಕೆ ಮುಂಚೇನೇ ಹಿಡಿಯೋಣ” ಎಂದಳು ಸಿಂಚನಾ.

ಆ ಭಾನುವಾರ ಗರಡಿಗೆ ಡೂಪ್‌ಗಳೆಲ್ಲ ಬಂದರು. ಸುಮ್ಮನೆ ಬನ್ನಿ, ಊಟಕ್ಕೆ ಬನ್ನಿ ಎಂದು ಕರೆದಿದ್ದಳು. ಊಟವಾದ ಮೇಲೆ ಕೆಮ್ಮಣ್ಣಿನ ಸುತ್ತ ಕೂತಾಗ ವಿಷಯ ತೆಗೆದಳು. ಕೆಲವರು ತಲೆ ತಗ್ಗಿಸಿದರು. ಮನೆಯಲ್ಲಿ ಕೈಗೂಸು ಬಿಟ್ಟು ಬಂದಿದ್ದ ರುಬೀನಾ, “ಅಕ್ಕ, ನಮ್ಮನ್ನ ತೆಗೆದುಹಾಕಿದ್ರೆ?” ಎಂದಳು.

“ತೆಗೀಬಹುದು. ನಾನು ಇಲ್ಲ ಅನ್ನಲ್ಲ. ಆದ್ರೆ ಯಾರ ಕತ್ತಿಗೆ ಪಟ್ಟಿ ಹಾಕಿದ್ರೂ ಅವರು ಉಸಿರು ಹಿಡಿದ್ರೆ, ಎಷ್ಟು ಜನಾನ ತೆಗೀತಾರೆ ರುಬೀನಾ?”

“ನೀನು ಒಬ್ಬಳೇ ಆಗಿ ನಿಂತ್ಕೊಂಡ್ರೆ?”

“ಒಬ್ಬಳೇ ಆದ್ರೂ ನಿಂತ್ಕೋತೀನಿ. ಮಾತು ಕೊಡಿ ಅಂತ ಯಾರನ್ನೂ ಕೇಳ್ತಿಲ್ಲ. ಕಲೀರಿ ಸಾಕು.”

ಮಾದೇಶ ಊರುಗೋಲನ್ನು ಗೋಡೆಗೆ ಒರಗಿಸಿ ಮಣ್ಣಿನ ಅಂಚಿನಲ್ಲಿ ಕೂತ. ಕುಸ್ತಿಯವರು ಉಸಿರನ್ನು ಎದೆಯಲ್ಲಿ ಬಿಗಿಯದೆ ಹೊಟ್ಟೆಯ ತಳದಲ್ಲಿ ಹೇಗೆ ನಿಲ್ಲಿಸುತ್ತಾರೆ, ಗಂಟಲು ಹೇಗೆ ಸಡಿಲ ಬಿಡುತ್ತಾರೆ ಎಂದು ತೋರಿಸಿಕೊಟ್ಟ. ಮುಖ ಕೆಂಪಾಗಿಸಿಕೊಂಡು ಕೆಮ್ಮಿದವರನ್ನು ಬೈದ. ಅವನ ಬೈಗುಳ ಕೇಳಿ ಅವರೆಲ್ಲ ಬಹಳ ದಿನಗಳ ಮೇಲೆ ಒಟ್ಟಿಗೆ ನಕ್ಕರು. ಕಾಲು ಮುರಿದಂದಿನಿಂದ ಮಾದೇಶ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಸಿಂಚನಾ ಕೇಳಿರಲಿಲ್ಲ.

ಚಿತ್ರದ ದೊಡ್ಡ ದೃಶ್ಯ ರಾಣಿ ಕೋಟೆಯ ಗೋಡೆಯ ಮೇಲೆ ಓಡಿಬಂದು ಕೆಳಗಿನ ಕಲ್ಯಾಣಿಯ ಮೆಟ್ಟಿಲಿಗೆ ಹಾರುವುದು. ಅದನ್ನು ನೋಡಲು ಸುಧನ್ವ ಹಂಚಿಕೆದಾರರನ್ನೂ ಪತ್ರಿಕೆಯವರನ್ನೂ ಕರೆಸಿದ್ದ. ಶಾಮಿಯಾನದಡಿ ಕುರ್ಚಿಗಳು, ಎಳನೀರು, ನಗು. ಸಿಂಚನಾ ರಾಣಿಯ ಕವಚ ತೊಟ್ಟು ಗೋಡೆಯ ಮೇಲೆ ನಿಂತಳು. ಪಟ್ಟಿ ‘ಟಿಕ್’ ಎಂದಿತು. ಕೈ ಎದ್ದು ಇಲ್ಲದ ಮುಂಗುರುಳು ಸರಿಸಿತು.

“ಆ್ಯಕ್ಷನ್!”

ಕಾಲುಗಳು ಓಡತೊಡಗಿದವು. ಸಿಂಚನಾ ಹೊಟ್ಟೆಯ ತಳದಲ್ಲಿ ಉಸಿರು ನಿಲ್ಲಿಸಿದಳು. ಓಡುವ ಮೈ ಗಾಳಿಗೆ ಹಪಹಪಿಸಿತು, ಕಿವಿಯಲ್ಲಿ ರಕ್ತ ಗುಯ್ಯೆಂದಿತು. ಮೈಯೆಲ್ಲ ಬೇರೆಯವರ ವಶದಲ್ಲಿದ್ದರೂ ಈ ಒಂದು ಬಾಗಿಲಿನ ಚಿಲಕ ತನ್ನ ಕೈಯಲ್ಲಿದೆ ಎಂಬುದು ಅವಳಿಗೆ ಒಮ್ಮೆಗೇ ಬಲ ತಂದಿತು. ಬಿಡಲಿಲ್ಲ. ಗೋಡೆಯ ಅಂಚು ಹತ್ತಿರವಾಗುತ್ತಿದ್ದಂತೆ ಪಟ್ಟಿ ಕೀರಲು ದನಿಯಲ್ಲಿ ಕೂಗಿ ಕಳಚಿಕೊಂಡಿತು. ಕೈಕಾಲು ಮರಳಿ ಅವಳದಾದವು. ಮುಗ್ಗರಿಸಿ, ಸಾವರಿಸಿಕೊಂಡು, ಅವಳು ಗೋಡೆಯ ಮೇಲೆ ಕೂತುಬಿಟ್ಟಳು.

“ಪಟ್ಟಿ ಬಿಟ್ಕೊಂಡಿದೆ!” ಎಂದು ಯಾರೋ ಕೂಗಿದರು. ಬೇರೆ ಪಟ್ಟಿ ತಂದರು. ಮತ್ತೆ ಓಟ, ಮತ್ತೆ ಉಸಿರು ನಿಂತಿತು, ಮತ್ತೆ ಪಟ್ಟಿ ಕೂಗಿ ಕಳಚಿಕೊಂಡಿತು. ಶಾಮಿಯಾನದಡಿಯಲ್ಲಿ ಗುಸುಗುಸು ಶುರುವಾಯಿತು. ಮೂರನೆಯ ಸಲ ಹಾಗೇ ಆದಾಗ ಸುಧನ್ವ ಏಣಿ ಹತ್ತಿ ಮೇಲೆ ಬಂದ.

“ಏನಮ್ಮ ನಡೆಸ್ತಿದೀಯಾ?” ಎಂದ ಹಲ್ಲು ಕಚ್ಚಿ. “ಯಂತ್ರದಲ್ಲಿ ದೋಷ ಇಲ್ಲ ಅಂತಿದ್ದಾರೆ. ಬೇಕೂಂತ ಮಾಡ್ತಿದೀಯಾ?”

ಸಿಂಚನಾ ಮುಸುಕನ್ನು ಗಲ್ಲದಿಂದ ಮೇಲಕ್ಕೆ ಸುಲಿದು ತೆಗೆದಳು. ಬೆವರಿನಿಂದ ತೊಯ್ದ ಅವಳ ಮುಖವನ್ನು ಆ ಸೆಟ್ಟಿನಲ್ಲಿ ಎಷ್ಟೋ ಮಂದಿ ಅಂದೇ ಮೊದಲು ನೋಡಿದರು.

“ಹೌದು ಸಾರ್. ಬೇಕೂಂತಲೇ” ಎಂದಳು, ಶಾಮಿಯಾನದವರೆಗೆ ಕೇಳುವಂತೆ. “ಜರಡಿ ತೆಗೀರಿ. ನನ್ನ ಮೈಯಲ್ಲಿ ಹಾರೋರಿಗೆ ನನ್ನ ಮೈ ನೋವೂ ಗೊತ್ತಾಗಲಿ. ಅಲ್ಲೀವರೆಗೆ ಉಸಿರು ಕೊಡಲ್ಲ.”

“ನಿನ್ನ ಜಾಗಕ್ಕೆ ಬೇಕಾದಷ್ಟು ಜನ ಇದ್ದಾರೆ.”

“ಇದ್ದಾರೆ. ಕರೀರಿ.”

ಅವನು ರುಬೀನಾಳನ್ನು ಕರೆದ. ಕವಚ ಬದಲಾಯಿತು. ರುಬೀನಾ ಸಿಂಚನಾಳ ಕಡೆ ನೋಡದೆ ಏಣಿ ಹತ್ತಿದಳು. ಮಾತು ಕೊಡು ಅಂತ ನಾನು ಕೇಳಿಲ್ಲ, ಅವಳು ಕೊಟ್ಟೂ ಇಲ್ಲ, ಮನೆಯಲ್ಲಿ ಕೂಸಿದೆ ಎಂದುಕೊಂಡಳು ಸಿಂಚನಾ. ಅವಳು ಕಣ್ಣು ಬೇರೆಡೆ ತಿರುಗಿಸಿದಳು. ಗೋಡೆಯ ಮೇಲೆ ಓಟದ ಸದ್ದು ಕೇಳಿತು, ಹತ್ತಿರವಾಯಿತು. ಆಮೇಲೆ ಪಟ್ಟಿಯ ಕೀರಲು ದನಿ. ತಿರುಗಿ ನೋಡಿದರೆ ರುಬೀನಾ ಗೋಡೆಯ ಮೇಲೆ ಮಂಡಿಯೂರಿ ಕೂತು, ಕೆಮ್ಮುತ್ತಾ, ಮುಸುಕು ಕಿತ್ತು ಕೆಳಗೆಸೆಯುತ್ತಿದ್ದಳು. ಅವಳ ನಂತರ ಹತ್ತಿಸಿದವಳೂ ಅದನ್ನೇ ಮಾಡಿದಳು. ಪತ್ರಿಕೆಯವರು ಎಳನೀರು ಕೆಳಗಿಟ್ಟು ಎದ್ದು ನಿಂತು ಫೋನು ಹಿಡಿದಿದ್ದರು.

ಗಾಜಿನ ಕೋಣೆಯ ಬಾಗಿಲು ತೆರೆಯಿತು. ಶರ್ವಾಣಿಯವರು ಕೋಲೂರಿ, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಹಿಂದೆ ಅನಸೂಯಾ ಬರುತ್ತಿದ್ದರು. 

“ಯಾರಿಗಾದರೂ ನನಗೆ ಹೇಳಬೇಕು ಅನ್ನಿಸಿದೆಯಾ, ಇಲ್ಲಿ ಏನಾಗ್ತಿದೆ ಅಂತ?” ಎಂದರು. 

“ಏನಿಲ್ಲ ಅಮ್ಮ, ಸ್ವಲ್ಪ ತಾಂತ್ರಿಕ…” ಎಂದು ಸುಧನ್ವ ಶುರುಮಾಡಿದ.

“ನಿನ್ನ ಕೇಳಲಿಲ್ಲ.” ಅವರು ಸಿಂಚನಾಳ ಎದುರು ನಿಂತರು. ಎರಡು ವರ್ಷ ಒಂದೇ ಮೈಯನ್ನು ಹಂಚಿಕೊಂಡಿದ್ದ ಇಬ್ಬರೂ ಇಷ್ಟು ಹತ್ತಿರ ನಿಂತದ್ದು ಅದೇ ಮೊದಲು. “ನೀನು ಹೇಳಮ್ಮ.”

“ಕುರ್ಚಿಯಲ್ಲಿ ಒಂದು ಜರಡಿ ಇದೆ ಅಮ್ಮ. ನಮ್ಮ ನೋವು ನಿಮಗೆ ಬರದಿರೋ ಹಾಗೆ. ನನ್ನ ಗಂಡನ ಕಾಲು ಮುರಿದಾಗ ಆ ಹೀರೋಗೆ ಗೊತ್ತೇ ಆಗಲಿಲ್ಲ. ಮುರಿದ ಕಾಲಲ್ಲಿ ಇನ್ನೊಂದು ಟೇಕ್ ತಗೊಂಡ್ರು. ನಿಮಗೂ ಗೊತ್ತಾಗಲ್ಲ. ಒಂದ್ಸಲ ಅದನ್ನ ತೆಗೆಸಿ ಕೂತ್ಕೊಳಿ. ಆಮೇಲೆ ಹಾರು ಅಂದ್ರೆ ಹಾರ್ತೀನಿ.”

“ನೋವು ಇರಲ್ಲ ಅಂತ ಹೇಳಿದ್ರು ನನಗೆ” ಎಂದರು ಶರ್ವಾಣಿ ನಿಧಾನವಾಗಿ. “ಪಟ್ಟಿ ಹಾಕಿದ್ರೆ ಇಬ್ಬರಿಗೂ ಇರಲ್ಲ ಅಂತ.”

ಸುಧನ್ವ ಅವರ ಕೋಲಿನ ಬಳಿ ಬಗ್ಗಿ, “ಅಮ್ಮ, ನಿಮ್ಮ ವಯಸ್ಸಿಗೆ ಹೃದಯಕ್ಕೆ ಏನಾದ್ರೂ…” ಎಂದ.

“ಹದಿನೆಂಟನೇ ವಯಸ್ಸಲ್ಲಿ ಓಡೋ ಕುದುರೆಯಿಂದ ಬಿದ್ದವಳು ನಾನು. ಆಗ ನನಗೆ ಡೂಪ್ ಇರಲಿಲ್ಲ. ನೀನು ಹುಟ್ಟಿರಲೂ ಇಲ್ಲ.” ಅವರು ಅನಸೂಯಾ ಕಡೆ ತಿರುಗಿದರು. “ನಾನು ಹೇಳ್ತಿದ್ದೀನಿ. ತೆಗೀರಿ.”

ಶರ್ವಾಣಿಯವರು ಮೇಲಿನ ಕುರ್ಚಿಗೆ ಮರಳಿದರು, ಸಿಂಚನಾ ಮತ್ತೆ ಕವಚ ತೊಟ್ಟು ಗೋಡೆ ಹತ್ತಿದಳು. ಶರ್ವಾಣಿಯವರ ಕಣ್ಣಾದ ಕ್ಯಾಮೆರಾಗಳಿಗಾಗಿ ಮುಸುಕನ್ನು ಹಣೆಗೆ ಮಾತ್ರ ಕಟ್ಟಿಕೊಂಡಳು, ಬಾಯಿ ಮುಚ್ಚಿಕೊಳ್ಳಲಿಲ್ಲ. ಪಟ್ಟಿ ‘ಟಿಕ್’ ಎಂದಿತು. ಈ ಸಲ ಕೈ ಮುಂಗುರುಳಿನ ಕಡೆ ಹೋಗಲಿಲ್ಲ. ಅರ್ಧಕ್ಕೆ ಎದ್ದದ್ದು ಕೆಳಗಿಳಿದು, ಸೊಂಟವನ್ನು ಹಿಡಿದುಕೊಂಡಿತು. ಗಾಜಿನ ಕೋಣೆಯ ಧ್ವನಿವರ್ಧಕದಲ್ಲಿ ಒಂದು ನರಳಿಕೆ ಕೇಳಿ ಸೆಟ್ಟಿನವರೆಲ್ಲ ತಲೆಯೆತ್ತಿದರು.

“ಇದೇನಿದು?” ಶರ್ವಾಣಿಯವರ ದನಿ. “ನಾನಿನ್ನೂ ಅಲುಗಾಡೇ ಇಲ್ಲವಲ್ಲ!”

“ಅದು ಹೋದ ವಾರದ್ದು ಅಮ್ಮ” ಎಂದಳು ಸಿಂಚನಾ, ಸೆಟ್ಟಿನ ಮೈಕಿಗೆ ಕೇಳುವಂತೆ. “ಮೆಟ್ಟಿಲ ಮೇಲೆ ಬಿದ್ದೆವಲ್ಲ. ನೀವು ಇನ್ನೊಂದು, ಇನ್ನೊಂದು ಅಂದ್ರಿ.”

ಕೈ ಮೆಲ್ಲಗೆ ಭುಜ ಮುಟ್ಟಿ ನೋಡಿತು.

“ಈ ಭುಜ?”

“ಹಿಂದಿನ ಸಿನಿಮಾದ್ದು.”

“ಮೊಣಕಾಲು? ಹೆಚ್ಚುಕಮ್ಮಿ ನನ್ನ ಮೊಣಕಾಲಿನ ಹಾಗೇ ಆಗಿದೆಯಲ್ಲೇ. ನಿನಗೆಷ್ಟು ವಯಸ್ಸು?”

“ಮೂವತ್ಮೂರು.”

“ಇಷ್ಟೆಲ್ಲ ಇಟ್ಕೊಂಡು ಮನೆಗೆ ಹೋಗಿ ಅಡುಗೆ ಮಾಡ್ತೀಯಾ ನೀನು?”

“ಮಾಡ್ತೀನಮ್ಮ. ಬೆಳಿಗ್ಗೆ ಮತ್ತೆ ನಿಮಗೆ ಕೊಡೋಕೆ ಬರ್ತೀನಿ.”

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು ಅಷ್ಟೆ. ನಿರ್ದೇಶಕ ಕೆಮ್ಮಿ, ಅಂಜುತ್ತಾ, “ಅಮ್ಮ, ಬೆಳಕು ಹೋಗ್ತಿದೆ. ಶಾಟ್…” ಎಂದ.

“ಈ ಮೈಯಲ್ಲಿ ನಾನು ಹಾರಲ್ಲ” ಎಂದಿತು ಧ್ವನಿವರ್ಧಕ.

ಸಿಂಚನಾಳ ಕಾಲುಗಳು ತಿರುಗಿದವು. ಏಣಿಯ ಬಳಿ ಹೋಗಿ, ಎರಡೂ ಕೈಯಲ್ಲಿ ಹಿಡಿದು, ನೋಯುವ ಸೊಂಟಕ್ಕೆ ಭಾರ ಬೀಳದಂತೆ ಒಂದೊಂದೇ ಹಂತ ಇಳಿಯತೊಡಗಿದವು. ಇಷ್ಟು ಜೋಪಾನವಾಗಿ ಅವಳು ತಾನೇ ಎಂದೂ ಇಳಿದಿರಲಿಲ್ಲ. ನೆಲ ಮುಟ್ಟಿದ ಮೇಲೆ ಅವಳ ಕೈಯೇ ಎದ್ದು ಕತ್ತಿನ ಹಿಂದೆ ಹೋಗಿ ಪಟ್ಟಿಯನ್ನು ಕಳಚಿತು.

ಅಂದು ಶೂಟಿಂಗ್ ನಿಂತದ್ದು ವಾರಗಟ್ಟಲೆ ನಿಂತೇ ಇತ್ತು. ಸುಧನ್ವ ಹೊರರಾಜ್ಯದಿಂದ ಡೂಪ್‌ಗಳನ್ನು ಕರೆಸಿದ. ಗೋಡೆಯ ಮೇಲಿನ ಮಾತುಕತೆ ಅಷ್ಟರಲ್ಲಿ ಎಲ್ಲರ ಫೋನಿಗೂ ಹೋಗಿತ್ತು. ಬಂದವರು ಪಟ್ಟಿ ಹಾಕಿಸಿಕೊಂಡರು, ಓಡಿದರು, ಉಸಿರು ಹಿಡಿದರು. ಭಾಷೆ ಬೇರೆಯಾದರೂ ಅದೊಂದು ಎಲ್ಲರಿಗೂ ಅರ್ಥವಾಗಿತ್ತು. ಕಡೆಗೆ ಚಿತ್ರನಗರಿ ಜರಡಿಯನ್ನು ಶಾಶ್ವತವಾಗಿ ತೆಗೆಯಲು ಒಪ್ಪಿತು. ಮಾದೇಶನ ಮೈಯಲ್ಲಿ ಹೊಡೆದಾಡಿದ್ದ ನಾಯಕನಟ ಜರಡಿಯಿಲ್ಲದ ಕುರ್ಚಿಯಲ್ಲಿ ಒಂದೇ ಒಂದು ಸಲ ಕೂತ. ಮೊದಲ ಗುದ್ದಿಗೇ ತಂತಿ ಕಿತ್ತು ಹೊರಗೆ ಓಡಿಬಂದ. ಆಮೇಲಿನ ಅವನ ಚಿತ್ರಗಳಲ್ಲಿ ಹೊಡೆದಾಟಕ್ಕಿಂತ ಮಾತೇ ಜಾಸ್ತಿಯಾಯಿತು.

ಎಲ್ಲರೂ ಸಿಂಚನಾಳನ್ನು ಹೊಗಳಿದರು ಎಂದೇನೂ ಇಲ್ಲ. ದೊಡ್ಡ ದೊಡ್ಡ ಹಾರಾಟಗಳು ಕಡಿಮೆಯಾದಂತೆ ಕೆಲಸವೂ ಕಡಿಮೆಯಾಯಿತು. ಒಂದಿಬ್ಬರು ಹಳೆಯ ಡೂಪ್‌ಗಳು ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. “ನಿನ್ನಿಂದ ನಮ್ಮ ಹೊಟ್ಟೆಗೆ ಹೊಡೆತ ಬಿತ್ತು” ಎಂದು ಒಬ್ಬ ಮುಖಕ್ಕೇ ಹೇಳಿದ. “ಹೊಟ್ಟೆಗೆ ದಾರಿ ಹುಡುಕೋಣ ಅಣ್ಣ. ಮುರಿದ ಕಾಲಿಗೆ ಎಲ್ಲಿ ಹುಡುಕಲಿ?” ಎಂದಳು ಅವಳು. ಅವನಿಗೆ ಸಮಾಧಾನವಾಗಲಿಲ್ಲ. ಅವಳೂ ಕ್ಷಮೆ ಕೇಳಲಿಲ್ಲ. ಗರಡಿಯಲ್ಲಿ ಡೂಪ್‌ಗಳ ಸಂಘ ಶುರುವಾಯಿತು. ಮಾದೇಶ ಹೊಸಬರಿಗೆ ಬೀಳುವುದನ್ನೂ ಏಳುವುದನ್ನೂ ಉಸಿರು ನಿಲ್ಲಿಸುವುದನ್ನೂ ಕಲಿಸತೊಡಗಿದ. ಅನಸೂಯಾ ಚಿತ್ರನಗರಿ ಬಿಟ್ಟು, ಪಟ್ಟಿಯನ್ನು ಮತ್ತೆ ರೋಗಿಗಳ ಕಡೆ ಒಯ್ಯಲು ಆಸ್ಪತ್ರೆಯೊಂದಕ್ಕೆ ಸೇರಿಕೊಂಡರು.

ಮಳೆಗಾಲ ಕಳೆದು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಗರಡಿಯ ಮುಂದೆ ಉದ್ದನೆಯ ಕಾರು ನಿಂತಿತು. ಸುಧನ್ವ ಬೂಟು ಬಿಚ್ಚಿ ಒಳಗೆ ಬಂದ. ಕೈಯಲ್ಲಿ ಒಡವೆಯ ಪೆಟ್ಟಿಗೆಯಂಥದೊಂದು ಮಖಮಲ್ಲಿನ ಪೆಟ್ಟಿಗೆ. ಕೆಮ್ಮಣ್ಣಿನಲ್ಲಿ ಅಭ್ಯಾಸ ಮಾಡುತ್ತಿದ್ದ ಡೂಪ್‌ಗಳೆಲ್ಲ ನಿಂತರು.

“ಹಳೇದೆಲ್ಲ ಮರೆತುಬಿಡೋಣ” ಎಂದು ನಕ್ಕ ಅವನು. ಪೆಟ್ಟಿಗೆ ತೆರೆದ. ಒಳಗಿದ್ದ ಪಟ್ಟಿ ಹಳೆಯದಕ್ಕಿಂತ ತೆಳುವಾಗಿ, ಅಗಲವಾಗಿ, ಹೊಳೆಯುತ್ತಿತ್ತು. “ಹೊಸದು. ವಿದೇಶದವರ ಜೊತೆ ಸೇರಿ ಮಾಡಿಸಿದ್ದೀವಿ. ಇದು ಕುತ್ತಿಗೆಯಲ್ಲಿ ಇನ್ನೂ ಮೇಲೆ ಕೂರುತ್ತೆ. ಉಸಿರಾಟಾನೂ ಕುರ್ಚಿಯಿಂದಲೇ ಆಗುತ್ತೆ. ನಿಮಗೆ ಆ ಚಿಂತೆಯೂ ಬೇಡ. ನಿದ್ದೆ ಮಾಡಿದ ಹಾಗೆ ಇದ್ದುಬಿಡಬಹುದು. ಪರವಾನಗಿ ಇನ್ನೇನು ಬರುತ್ತೆ. ಮೊದಲ ಅವಕಾಶ ನಿಮ್ಮ ಸಂಘಕ್ಕೇ ಕೊಡೋಣ ಅಂತ ನಾನೇ ಬಂದೆ.”

ರುಬೀನಾ ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು. ಮಾದೇಶ ಗೋಡೆ ಹಿಡಿದು ಎದ್ದು ನಿಂತ.

ಸಿಂಚನಾ ಮುಂದೆ ಬಂದು ಪಟ್ಟಿಯನ್ನು ಪೆಟ್ಟಿಗೆಯಿಂದ ಎತ್ತಿಕೊಂಡಳು. ಮಣ್ಣು ಮೆತ್ತಿದ ಬೆರಳುಗಳಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ನೋವಾಗಲ್ವಾ ಸಾರ್ ಇದರಲ್ಲಿ?”

“ಏನೇನೂ ಇಲ್ಲ.”

“ಅಪಾಯ?”

“ಖಂಡಿತ ಇಲ್ಲ.”

“ಹಾಗಾದ್ರೆ ಒಳ್ಳೇದಾಯ್ತು” ಎಂದಳು ಸಿಂಚನಾ. ಪಟ್ಟಿಯ ಕೊಂಡಿ ಬಿಚ್ಚಿ, ಎರಡೂ ಕೈಯಲ್ಲಿ ಅಗಲಿಸಿ, ಹಾರ ಹಾಕುವವಳಂತೆ ಅವನ ಎದುರು ಹಿಡಿದಳು. “ಇದನ್ನ ನೀವು ಹಾಕ್ಕೊಳಿ. ಕುರ್ಚಿಯಲ್ಲಿ ನಾನು ಕೂತ್ಕೋತೀನಿ.”

ಸುಧನ್ವನ ಕೈ ಅವನಿಗೆ ತಿಳಿಯದಂತೆಯೇ ಮೇಲೆದ್ದು ತನ್ನ ಕತ್ತಿನ ಹಿಂಭಾಗವನ್ನು ಮುಚ್ಚಿಕೊಂಡಿತು.